ಹನ್ನೆರಡು ದಾಟಿದರೆ ಬೀಳುವ ಟೆಸ್ಟ್

ಬೆಳಿಗ್ಗೆ ಮೊದಲು ಬಂದವರು ರೀರನ್ ಬಟನ್ ಒತ್ತಿ ಚಹಾಕ್ಕೆ ಹೋಗಬೇಕು. ಪುಣೆಯ ನಮ್ಮ ಆಫೀಸಿನಲ್ಲಿ ಸುಮಾರು ಎರಡು ವರ್ಷ ನಡೆದುಕೊಂಡು ಬಂದ ಪದ್ಧತಿ ಇದು.

ಐಟಿಯಲ್ಲಿ ಇಲ್ಲದವರಿಗೆ ಒಂದು ಮಾತು. ಮದುವೆ ಮನೆಯ ಅಡುಗೆಕೋಣೆಯಲ್ಲಿ ಸಾರಿಗೆ ಉಪ್ಪು ಸರಿಯಿದೆಯೇ, ಪಲ್ಯ ಬೆಂದಿದೆಯೇ ಎಂದು ಒಂದೊಂದಾಗಿ ರುಚಿ ನೋಡುತ್ತಾರಲ್ಲ, ಅದು ಯೂನಿಟ್ ಟೆಸ್ಟ್. ಎಲೆಯ ಮುಂದೆ ಕೂತವನಿಗೆ ಅನ್ನದ ಹಿಂದೆಯೇ ಸಾರು ಬಂತೇ ಎಂದು ನೋಡುವುದು ಇಂಟಿಗ್ರೇಷನ್ ಟೆಸ್ಟ್. ನಮ್ಮದು ಗೋದಾಮುಗಳಿಗೆ ಬಿಲ್ ಮಾಡಿಕೊಡುವ ಸಾಫ್ಟ್‌ವೇರ್. ಆರ್ಡರ್ ಒಂದು ಸರ್ವಿಸ್‌ನಲ್ಲಿ, ಬಿಲ್ ಇನ್ನೊಂದರಲ್ಲಿ, ನಡುವೆ ಮೆಸೇಜ್ ಕ್ಯೂ. ಇವೆಲ್ಲ ಕೂಡಿ ಕೆಲಸ ಮಾಡುತ್ತವೆಯೇ ಎಂದು ನೋಡುವ ಟೆಸ್ಟುಗಳು ರಾತ್ರಿ 11ಕ್ಕೆ ತಾವಾಗಿಯೇ ಶುರುವಾಗಿ, ಮುಗಿಯುವಾಗ ಒಂದು ಗಂಟೆ ಹೊಡೆದಿರುತ್ತಿತ್ತು. ಬೆಳಿಗ್ಗೆ ನೋಡಿದರೆ ನಾಲ್ಕೈದು ಕೆಂಪು. ಮತ್ತೆ ಓಡಿಸಿದರೆ ಅವೇ ಹಸಿರು. ಇಂಥವಕ್ಕೆ ನಮ್ಮ ಕಸುಬಿನಲ್ಲಿ ‘ಫ್ಲೇಕಿ’ ಎನ್ನುತ್ತಾರೆ.

ಎರಡನೇ ಸಲ ಹಸಿರು ಬಂದರೆ ರಿಲೀಸ್ ಮಾಡಬಹುದು ಎಂಬ ನಿಯಮ ಮಾಡಿದವನು ನಾನೇ. ತಮ್ಮ ಟೆಸ್ಟುಗಳಲ್ಲಿ ಸುಮಾರು ಶೇ. 16ರಷ್ಟಕ್ಕೆ ಈ ಚಾಳಿ ಸ್ವಲ್ಪವಾದರೂ ಇದೆ ಎಂದು ಗೂಗಲ್‌ನವರು 2016ರಲ್ಲಿ ಬರೆದಿದ್ದರು. ಮೀಟಿಂಗಿನಲ್ಲಿ ಯಾರಾದರೂ ಕೇಳಿದರೆ ಅದನ್ನೇ ಗುರಾಣಿಯಂತೆ ಹಿಡಿಯುತ್ತಿದ್ದೆ. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮದೇನು!

ಏಪ್ರಿಲ್ ಮೊದಲ ವಾರ ಗಿರಾಕಿಯ ಅಕೌಂಟ್ಸ್ ವಿಭಾಗದಿಂದ ಫೋನ್ ಬಂತು. ಮಾರ್ಚ್ 31ರ ನಡುರಾತ್ರಿ ಕಳೆದ ಮೇಲೆ ಲಾರಿಗಳು ಹೊರಟಿವೆ, ಆದರೆ ಬಿಲ್‌ಗಳ ಮೇಲಿರುವುದು ಮಾರ್ಚ್ 31. ಬೇರೆ ದಿನ ಒಂದು ತಾರೀಖು ಹಿಂದೆ ಬಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ಇಲ್ಲಿ ಹಣಕಾಸು ವರ್ಷವೇ ಬದಲಾಗಿತ್ತು, ಜಿಎಸ್‌ಟಿಯ ತಿಂಗಳೂ ಬದಲಾಗಿತ್ತು. ಅವರು ಬಿಲ್‌ಗಳನ್ನು ಒಂದೊಂದಾಗಿ ಸರಿಪಡಿಸುತ್ತ ಕೂರಬೇಕಾಯಿತು.

ತಂಡದಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹುಡುಗನಿದ್ದ, ಸೇರಿ ಆರು ತಿಂಗಳೂ ಆಗಿರಲಿಲ್ಲ. ಹಳೆಯ ಲಾಗ್‌ಗಳನ್ನೆಲ್ಲ ತೆಗೆದು, ಯಾವ ಟೆಸ್ಟ್ ಯಾವ ಹೊತ್ತಿಗೆ ಬಿತ್ತು ಎಂದು ಎಕ್ಸೆಲ್‌ನಲ್ಲಿ ಬರೆದುಕೊಂಡು ಬಂದ. “ಸರ, ಈ ಬಿಲ್ ಟೆಸ್ಟ್ ಹನ್ನೆರಡರ ಒಳಗ ಓಡಿದ್ರ ಪಾಸ್ ಆಗತೈತ್ರಿ. ಹನ್ನೆರಡು ದಾಟಿದ್ರ ಬೀಳತೈತ್ರಿ.”

ಟೆಸ್ಟ್ ಓಡಿಸುವ ಮಷಿನ್ ಆಫೀಸಿನದು, ಅದರ ಗಡಿಯಾರ ಭಾರತದ ಸಮಯಕ್ಕೆ. ಸರ್ವಿಸ್‌ಗಳು ಡಾಕರ್ ಕಂಟೇನರ್‌ಗಳಲ್ಲಿ, ಅಲ್ಲಿ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ನಡುರಾತ್ರಿಯಿಂದ ಬೆಳಗಿನ 5:30ರವರೆಗೆ ಅವಕ್ಕೆ ಇನ್ನೂ ನಿನ್ನೆಯೇ. ಟೆಸ್ಟುಗಳ ಸರದಿ ದಿನವೂ ಒಂದೇ ಇರುತ್ತಿರಲಿಲ್ಲ. ಹಾಗಾಗಿ ಬಿಲ್ ಟೆಸ್ಟ್ ಒಮ್ಮೆ ಹನ್ನೆರಡರ ಈಚೆ, ಒಮ್ಮೆ ಆಚೆ. ಬೆಳಿಗ್ಗೆ ಒಂಬತ್ತೂವರೆಗೆ ನಾವು ಮತ್ತೆ ಓಡಿಸಿದಾಗ ಎರಡೂ ಕಡೆ ಒಂದೇ ತಾರೀಖು, ಹಸಿರು. ಪಾಪದ ಟೆಸ್ಟ್ ತಿಂಗಳುಗಟ್ಟಲೆ ನಿಜ ಹೇಳುತ್ತಲೇ ಇತ್ತು. ಆ ಎಕ್ಸೆಲ್ ನೋಡುತ್ತ ನನಗೆ ಆದ ನಾಚಿಕೆ ಗಿರಾಕಿಯ ಬೈಗುಳದಿಂದಲೂ ಆಗಿರಲಿಲ್ಲ.

ಬಿಲ್‌ನ ತಾರೀಖು ಸರಿ ಮಾಡಲು ಅರ್ಧ ದಿನ ಸಾಕಾಯಿತು. ಟೆಸ್ಟುಗಳನ್ನು ನಂಬುವಂತೆ ಮಾಡಲು ಮೂರು ತಿಂಗಳು. ಎಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ‘ಸ್ಲೀಪ್’. ಆರ್ಡರ್ ಹಾಕು, ಹತ್ತು ಸೆಕೆಂಡ್ ಸುಮ್ಮನಿರು, ಆಮೇಲೆ ಬಿಲ್ ಬಂತೇ ನೋಡು. ಬಿಲ್ ಒಂದೇ ಸೆಕೆಂಡಿಗೆ ಬಂದರೆ ಒಂಬತ್ತು ಸೆಕೆಂಡ್ ದಂಡ. ಹನ್ನೊಂದಕ್ಕೆ ಬಂದರೆ ಕೆಂಪು. ನೂರಾರು ಕಡೆ ಹೀಗೆ ಬರೆದಿದ್ದೆವು, ಕೆಲವು ನನ್ನದೇ ಕೈಬರಹ. ಅದನ್ನೆಲ್ಲ ಕಿತ್ತು, ಅರ್ಧ ಸೆಕೆಂಡಿಗೊಮ್ಮೆ ನೋಡು, ಬಂದ ಕೂಡಲೇ ಮುಂದೆ ಹೋಗು, 30 ಸೆಕೆಂಡಾದರೂ ಬರದಿದ್ದರೆ ಮಾತ್ರ ಬೀಳು ಎಂದು ಮಾಡಿದೆವು. ನಿಧಾನವೂ ಹೋಯಿತು, ಸುಳ್ಳು ಕೆಂಪೂ ಬಹುಪಾಲು ಹೋಯಿತು.

ಇನ್ನೊಂದು ತಂಟೆ, ಎಲ್ಲ ಟೆಸ್ಟುಗಳೂ ಒಂದೇ ನಕಲಿ ಗಿರಾಕಿಯ ಖಾತೆ ಬಳಸುತ್ತಿದ್ದದ್ದು. ಒಂದು ಅಳಿಸಿದ್ದನ್ನು ಇನ್ನೊಂದು ಹುಡುಕುತ್ತಿತ್ತು. ಪ್ರತಿ ಟೆಸ್ಟಿಗೂ ತನ್ನದೇ ಹೊಸ ಗಿರಾಕಿ ಎಂದಾದ ಮೇಲೆ ನಾಲ್ಕನ್ನು ಒಟ್ಟಿಗೆ ಓಡಿಸುವ ಧೈರ್ಯ ಬಂತು. ಈಗ ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ. ರಾತ್ರಿಗೆ ಕಾಯದೆ, ಕೋಡ್ ಬದಲಾದಾಗಲೆಲ್ಲ ಓಡಿಸುತ್ತೇವೆ. ತಪ್ಪು ಮಾಡಿದವನಿಗೆ ತಾನು ಏನು ಬರೆದೆ ಎಂಬುದು ನೆನಪಿರುವಾಗಲೇ ಕೆಂಪು ಕಾಣುತ್ತದೆ.

ರೀರನ್ ಬಟನ್ ತೆಗೆದಾಗ ಜಗಳವಾಯಿತು. ರಿಲೀಸ್ ತಡವಾದರೆ ಯಾರು ಹೊಣೆ ಎಂದು ಮ್ಯಾನೇಜರ್ ಕೇಳಿದರು, ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಒಂದು ರಾಜಿಯಾಯಿತು. ಕಾರಣ ತಿಳಿಯದೆ ಬೀಳುವ ಟೆಸ್ಟನ್ನು ಬೇರೆ ಪಟ್ಟಿಗೆ ಹಾಕಬಹುದು, ಆದರೆ ಪಕ್ಕದಲ್ಲಿ ಒಬ್ಬರ ಹೆಸರು ಮತ್ತು ಗಡುವು ಇರಬೇಕು. ಈಗ ಪಟ್ಟಿಯಲ್ಲಿ ಎರಡಿವೆ. ಒಂದರ ಮುಂದೆ ನನ್ನ ಹೆಸರಿದೆ, ಗಡುವು ದಾಟಿ ಒಂದು ವಾರವಾಯಿತು.

ಆ ಹುಡುಗ ಈಗ ಹೈದರಾಬಾದಿನಲ್ಲಿದ್ದಾನೆ, ಒಳ್ಳೆಯ ಸಂಬಳಕ್ಕೆ ಹೋದ. ಹೋಗುವ ಮೊದಲು ಅವನು ಬರೆದಿಟ್ಟ ಒಂದು ಟೆಸ್ಟ್‌ನಲ್ಲಿ ಗಡಿಯಾರವನ್ನು ನಾವೇ ಕೊಡುತ್ತೇವೆ: ಏಪ್ರಿಲ್ 1, ರಾತ್ರಿ 12:10. ದಿನಕ್ಕೆ ಹತ್ತು ಹನ್ನೆರಡು ಸಲ ನಮ್ಮಲ್ಲಿ ಆ ಹೊತ್ತಾಗುತ್ತದೆ.