ಕೈಚೀಲಕ್ಕೂ ಮಡಿ

ಮನೆಯಲ್ಲಿ ನನ್ನದೆಂದು ಹೇಳಿಕೊಳ್ಳಬಹುದಾದ ವಸ್ತುಗಳು ಮೂರು: ಕನ್ನಡಕ, ಕೊಡೆ, ಕೈಚೀಲ. ಮೊದಲೆರಡನ್ನು ಆಗಾಗ ಕಳೆದುಕೊಳ್ಳುತ್ತೇನೆ. ಮೂರನೆಯದನ್ನು ಇದುವರೆಗೆ ಕಳೆದುಕೊಂಡದ್ದಿಲ್ಲ. ಅದು ಯಾವುದೋ ಮದುವೆಯಲ್ಲಿ ತಾಂಬೂಲದ ಜೊತೆ ಬಂದ ದಪ್ಪ ಬಟ್ಟೆಯ ಚೀಲ. ಅದರ ಮೇಲೆ ಹೆಸರು ಅಚ್ಚಾಗಿದ್ದ ವಧೂವರರಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಚೀಲ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಬಂದಾಗ ನನಗೆ ಎಲ್ಲಿಲ್ಲದ ಹೆಮ್ಮೆ. ಗಾಂಧಿಬಜಾರಿಗೆ ಬರಿಗೈಯಲ್ಲಿ ಬಂದು ಪೇಚಾಡುವವರ ಎದುರಿಗೆ ನಾನು ಚೀಲವನ್ನು ಕೊಡವಿ ಬಿಡಿಸುವಾಗ, ಸರ್ಕಾರಕ್ಕಿಂತ ಮೊದಲೇ ನನಗೆ ಬುದ್ಧಿ ಬಂದಿತ್ತೆಂಬ ಗತ್ತು ಮುಖದಲ್ಲಿ ಕಾಣುತ್ತಿದ್ದಿರಬೇಕು.

ಆ ಗತ್ತು ಇಳಿದದ್ದು ಒಂದು ಬೇಸಗೆಯಲ್ಲಿ. ಮಣ್ಣು ಮೆತ್ತಿದ ಆಲೂಗಡ್ಡೆ, ಹಾಲಿನ ಪ್ಯಾಕೆಟ್ಟು, ಮೊಮ್ಮಗನಿಗೆಂದು ಮೊಟ್ಟೆ, ಮೇಲೊಂದಿಷ್ಟು ದ್ರಾಕ್ಷಿ, ಎಲ್ಲವೂ ಒಂದೇ ಚೀಲದಲ್ಲಿ ಬಂದವು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಹುಡುಗ ಚೀಲಕ್ಕೆ ಕೈಹಾಕಿ ದ್ರಾಕ್ಷಿ ತಿನ್ನತೊಡಗಿದ್ದ. ಒಂದು ಮೊಟ್ಟೆ ಒಡೆದು ಸೋರಿತ್ತೆಂಬುದು ಆಮೇಲೆ ತಿಳಿಯಿತು. ಮರುದಿನ ರಾತ್ರಿ ಅವನಿಗೆ ವಾಂತಿಭೇದಿ; ಎರಡು ದಿನ ಆಸ್ಪತ್ರೆ. "ಇದರಿಂದಲೇ ಆಯಿತೆಂದು ಹೇಳಲಾಗದು, ಎಲ್ಲಿಂದ ಬೇಕಾದರೂ ಬಂದಿರಬಹುದು" ಎಂದರು ಡಾಕ್ಟರು. ಬೆಂಚಿನ ಮೇಲೆ ಕೂತಿದ್ದ ನನಗೆ ಆ ಮಾತು ಸಮಾಧಾನ ಕೊಡಲಿಲ್ಲ. ಚೀಲವನ್ನು ಕೊನೆಯ ಸಲ ಒಗೆದದ್ದು ಯಾವಾಗ ಎಂದು ನೆನೆಯುತ್ತಿದ್ದೆ; ಮೊದಲ ಸಲವೇ ನೆನಪಿಗೆ ಬರಲಿಲ್ಲ.

ಮಗಳು ಬೈಯಲಿಲ್ಲ, ಓದಿ ಹೇಳಿದಳು. 2011ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದರಲ್ಲಿ ಅರಿಜೋನ, ಕ್ಯಾಲಿಫೋರ್ನಿಯಗಳ ಗಿರಾಕಿಗಳ 84 ಚೀಲಗಳನ್ನು ಪರೀಕ್ಷಿಸಿದರಂತೆ. ತೊಳೆಯುವ ಅಭ್ಯಾಸ ಅಲ್ಲಿಯೂ ಅಪರೂಪ. ಹೆಚ್ಚುಕಡಿಮೆ ಎಲ್ಲ ಚೀಲಗಳಲ್ಲಿಯೂ ಬ್ಯಾಕ್ಟೀರಿಯಾ ಇದ್ದವು. ಮಾಂಸದ ರಸ ತಾಗಿದ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಎರಡು ಗಂಟೆ ಇಟ್ಟರೆ ಅವು ಹತ್ತು ಪಟ್ಟಾದವು. ಒಗೆದರೆ ನೂರಕ್ಕೆ 99.9ಕ್ಕೂ ಮಿಕ್ಕಿ ಇಳಿದವು. ರೋಗವೂ ಅಲ್ಲೇ, ಮದ್ದೂ ಅಲ್ಲೇ!

ನನ್ನ ತಾಯಿಗೆ ಈ ಲೆಕ್ಕವೆಲ್ಲ ತಿಳಿದಿರಲಿಲ್ಲ. ಆದರೂ ಸಂತೆಯ ಚೀಲ ಅಡಿಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ನಡುಮನೆಯಲ್ಲೇ ತರಕಾರಿ ಸುರಿಸಿಕೊಂಡು, ಚೀಲವನ್ನು ಒಳಹೊರಗು ಮಾಡಿ ಒಗೆದು ಬಿಸಿಲಿಗೆ ಹಾಕುತ್ತಿದ್ದರು. ಮಡಿ ಅತಿಯಾಯಿತೆಂದು ನಾವು ನಗುತ್ತಿದ್ದೆವು. ಮಡಿಯಲ್ಲಿ ಬಿಡಬೇಕಾದ್ದು ಬಹಳವಿತ್ತು, ಬಿಟ್ಟೆವು, ಒಳ್ಳೆಯದೇ ಆಯಿತು. ಬಿಡುವ ಭರದಲ್ಲಿ ಸೋಪನ್ನೂ ಬಿಸಿಲನ್ನೂ ಬಿಟ್ಟೆವೇನೋ!

ಈಗ ನನ್ನ ಆಸ್ತಿ ಬೆಳೆದಿದೆ: ಚೀಲಗಳು ಮೂರು. ಹಣ್ಣು ಮತ್ತು ಹಸಿಯಾಗಿ ತಿನ್ನುವ ಸೊಪ್ಪಿಗೆ ಒಂದು, ಮಣ್ಣಿನ ಗೆಡ್ಡೆಗಳಿಗೆ ಒಂದು, ಮೊಟ್ಟೆಗೆಂದೇ ಒಂದು. ಮೂರನೆಯದಕ್ಕೆ ಬೇರೆ ಪದಾರ್ಥದ ಸಹವಾಸವಿಲ್ಲ. ವಾರಕ್ಕೊಮ್ಮೆ ಬಿಸಿನೀರು, ಸೋಪು. ಏನಾದರೂ ಸೋರಿದರೆ ಅಂದೇ. ಹೊಲಿಗೆಯ ಸಂದು, ಮೂಲೆಗಳನ್ನು ಉಜ್ಜಬೇಕು, ಕೊಳೆ ಅಡಗುವುದು ಅಲ್ಲಿಯೇ. ಪೂರ್ತಿ ಒಣಗುವ ತನಕ ಮಡಿಸಬಾರದು. ಸ್ಕೂಟರಿನ ಡಬ್ಬಿಯಲ್ಲಿ ತುರುಕಿಡಬಾರದು, ನೆಲದ ಮೇಲೆ ಇಡಬಾರದು. ಬಾಗಿಲ ಹಿಂದೆ ಮೊಳೆಯೊಂದು ಸಾಕು. ಇಷ್ಟಾದರೂ ಹಣ್ಣು ತೊಳೆಯುವ ಕೆಲಸ ತಪ್ಪುವುದಿಲ್ಲ.

ನಾಲ್ಕಾರು ಒಗೆತಕ್ಕೆ ವಧೂವರರ ಹೆಸರು ಮಾಸಿಹೋಯಿತು. ದಂಪತಿಗಳು ಕ್ಷಮಿಸಬೇಕು. ಮೊನ್ನೆ ಪೇಟೆಯಿಂದ ಬಂದಾಗ ಮೊಮ್ಮಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. "ತಾತ, ತೊಳೆದು ಕೊಡು" ಎಂದ.

ತೊಳೆದು ಕೊಟ್ಟೆ.