ಚೀಟಿಯ ಬೆನ್ನು

ಅಂಚೆಚೀಟಿಯ ಮುಖವನ್ನು ನೋಡದವರಿಲ್ಲ. ಅದರ ಬೆನ್ನನ್ನು ನೋಡುವವರು ವಿರಳ. ನಾವೂ ಬಹುಕಾಲ ಮುಖವನ್ನೇ ನೋಡಿದವರು. ಅದಕ್ಕೆ ತೆತ್ತ ಬೆಲೆಯನ್ನು ತಿಳಿಸಿದರೆ ವಾಚಕರಲ್ಲಿ ಒಬ್ಬರ ಮನೆಯ ಪೆಟ್ಟಿಗೆಯಾದರೂ ಉಳಿದೀತೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆವು.

ಆಲಮಟ್ಟಿಯ ಹಿನ್ನೀರು ಏರುವುದೆಂದು ಗೊತ್ತಾದ ಮೇಲೆ ಹಳೆಯ ಬಾಗಲಕೋಟೆಯ ಮನೆಯನ್ನು ಬಿಟ್ಟು ನಾವು ನವನಗರಕ್ಕೆ ಸಾಮಾನು ಸಾಗಿಸಿದೆವು. ಅಟ್ಟದ ಮೇಲೆ ತೀರಿಹೋದ ತಂದೆಯವರ ತಗಡಿನ ಪೆಟ್ಟಿಗೆಯೊಂದು ದೊರೆಯಿತು. ಚಿಕ್ಕಪ್ಪನವರು ವಿದ್ಯಾಭ್ಯಾಸಕ್ಕೆಂದು ಕೆನಡಾ ದೇಶಕ್ಕೆ ಹೋಗಿ ಅಲ್ಲಿಯೇ ನಿಂತವರು. ಅವರು ಅಣ್ಣನಿಗೆ ಬರೆದ ಕಾಗದಗಳೂ, ಜೊತೆಗೆ ಕಳುಹಿದ ಹೊಸ ಚೀಟಿಗಳೂ ಅದರಲ್ಲಿದ್ದುವು. ಕೆನಡಾ ಒಕ್ಕೂಟದ ನೂರನೆಯ ವರುಷದ ನೆನಪಿಗಾಗಿ 1967ರ ಫೆಬ್ರುವರಿ 8ರಂದು ಹೊರಟ ಮಾಲೆಯವು ಅವು. ಒಂದು ಸೆಂಟಿನ ಕಂದು ಚೀಟಿಯಲ್ಲಿ ರಾಣಿಯ ಮುಖದ ಪಕ್ಕಕ್ಕೆ ಹಿಮದ ಮೇಲೆ ನಾಯಿಗಳು ಎಳೆಯುವ ಬಂಡಿ. ಎರಡು ಸೆಂಟಿನ ಹಸುರು ಚೀಟಿಯಲ್ಲಿ ಕೆತ್ತನೆಯ ಕಂಬ.

ಚೀಟಿಗಳು ಎರಡು ಪೊಟ್ಟಣಗಳಲ್ಲಿದ್ದುವು. ಒಂದರ ಚೀಟಿಗಳ ಬೆನ್ನು ಹಳದಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದಿತು. ಮಳೆಗಾಲದ ತೇವ ಹಿಡಿದಿರಬೇಕೆಂದು ಬಗೆದು, ತಟ್ಟೆಯ ನೀರಿನಲ್ಲಿ ತೇಲಿಸಿ, ಅಂಟನ್ನು ತೊಳೆದು, ಹಳೆಯ ಪತ್ರಿಕೆಗಳ ನಡುವೆ ಒಣಗಿಸಿದೆವು. ಇನ್ನೊಂದರ ಚೀಟಿಗಳ ಬೆನ್ನು ಬೆಳ್ಳಗೆ ಮಂಕಾಗಿತ್ತು; ಅಂಟು ಮೊದಲೇ ಹೋಗಿದೆಯೆಂದು ತಿಳಿದು ಅವನ್ನು ಮುಟ್ಟಲಿಲ್ಲ. ಕೊನೆಗೆ ಎಲ್ಲವನ್ನೂ ಒಂದೇ ಲಕೋಟೆಗೆ ಸೇರಿಸಿ, ಒಳ್ಳೆಯ ಕೆಲಸ ಮಾಡಿದೆವೆಂದು ಹಿಗ್ಗಿದೆವು.

ಆ ಲಕೋಟೆಯನ್ನು ಹುನಗುಂದದಲ್ಲಿರುವ, ಚೀಟಿಗಳನ್ನು ಕೂಡಿಸುವ ಹವ್ಯಾಸವುಳ್ಳ ವೃದ್ಧ ಶಿಕ್ಷಕರೊಬ್ಬರಿಗೆ ತೋರಿಸಿದೆವು. ಅವರು ಮುಖವನ್ನು ನೋಡದೆ ಒಂದೊಂದನ್ನೂ ಮಗುಚಿ ಇಟ್ಟು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಹೇಳಿದರು: ಆ ಮಾಲೆಯ ಮೊದಲಿನ ಚೀಟಿಗಳಿಗೆ ಪಿಷ್ಟದಿಂದ ಮಾಡಿದ ಡೆಕ್ಸ್‌ಟ್ರಿನ್ ಅಂಟು, ಅದು ಹುಟ್ಟಿನಿಂದಲೇ ಹಳದಿ, ಹುಟ್ಟಿನಿಂದಲೇ ಹೊಳಪು. ಕೆಲವು ವರುಷಗಳ ತರುವಾಯ ಪಾಲಿವಿನೈಲ್ ಆಲ್ಕೋಹಾಲಿನ ಅಂಟು ಬಂದಿತು. ಅದು ಬಿಳಿದು, ಮಂಕು, ಕಣ್ಣಿಗೆ ಇಲ್ಲವೆಂಬಂತೆಯೇ ತೋರುವುದು. ನಾವು ಕಲೆಯೆಂದು ತೊಳೆದುದೇ ಚೀಟಿಯ ಗುರುತು. ಆಮೇಲೆ ಅವರು ಕತ್ತಲೆ ಮಾಡಿ ಅತಿನೇರಳೆ ದೀಪವನ್ನು ಹಿಡಿದರು. ಒಂದೇ ಚಿತ್ರದ ಎರಡು ಚೀಟಿಗಳಲ್ಲಿ ಒಂದರ ಕಾಗದ ಮಂಕಾಗಿಯೇ ಉಳಿಯಿತು. ಮತ್ತೊಂದರದು ನೀಲಿ ಬೆರೆತ ಬಿಳುಪಿನಿಂದ ಬೆಳಗಿತು.

ನಮ್ಮ ದೇಶದ ಚೀಟಿಗಳಲ್ಲಿಯೂ ಇಂಥದುಂಟೆಂದು ಅವರು 1957ರಲ್ಲಿ ನಯೇ ಪೈಸೆಯೊಡನೆ ಬಂದ ಭಾರತದ ನಕಾಶೆಯ ಚೀಟಿಗಳನ್ನು ಕಪ್ಪು ತಟ್ಟೆಯ ಮೇಲೆ ಬೋರಲಾಗಿ ಇಟ್ಟು ತೋರಿಸಿದರು. ಮೊದಲಿನವುಗಳ ಕಾಗದದೊಳಗೆ ನಕ್ಷತ್ರಗಳ ನೀರ್ಗುರುತು; 1958ರಿಂದ ಬಂದವುಗಳಲ್ಲಿ ಅಶೋಕಸ್ತಂಭದ ಸಿಂಹಶಿರ. ಮುಖ ಮಾತ್ರ ಒಂದೇ.

ಹಿಂದಿರುಗುವ ಮೊದಲು ಇಳಕಲ್ಲಿನ ಸೋದರತ್ತೆಯವರ ಮನೆಗೆ ಹೋಗಿ ನಮ್ಮ ಮೂರ್ಖತನವನ್ನು ಹೇಳಿಕೊಂಡೆವು. ಮಗ್ಗದ ಮನೆಯಲ್ಲಿಯೇ ಮುದುಕಿಯಾದವರು ಅವರು. ಸೀರೆಯೊಂದನ್ನು ತೆಗೆದು ಮಗುಚಿ, ಒಡಲಿನ ಹಾಸಿನ ಎಳೆಗಳೂ ಸೆರಗಿನ ಹಾಸಿನ ಎಳೆಗಳೂ ಒಂದನ್ನೊಂದು ಕುಣಿಕೆಯಾಗಿ ಹಿಡಿದ ಜಾಗದ ಮೇಲೆ ಬೆರಳಾಡಿಸಿ, “ನಾವು ಮೊದಲು ನೋಡೋದು ಇಲ್ಲೇ, ನೀವು ಅಂಗಡ್ಯಾಗ ಸೆರಗಿನ ಬಣ್ಣ ನೋಡ್ತೀರಿ” ಎಂದು ನಕ್ಕರು.

ಮನೆಗೆ ಬಂದು ಪೆಟ್ಟಿಗೆಯನ್ನು ಮತ್ತೆ ಶೋಧಿಸಲು ತಳದ ಕಾಗದದಡಿಯಲ್ಲಿ ತಂದೆಯವರ ಕಿರುಪುಸ್ತಕ ಸಿಕ್ಕಿತು. ಚೀಟಿಗಳು ಬಂದ ದಿನದ ಮುಂದೆ ‘ಹೊಳಪು’ ಇಲ್ಲವೆ ‘ಮಂಕು’ ಎಂದು ಅವರು ಬರೆದಿದ್ದರು. ಯಾವ ದೀಪವೂ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ ಮಗುಚಿ ನೋಡಿ ಅವರು ಬೇರ್ಪಡಿಸಿದ್ದ ಎರಡು ಪೊಟ್ಟಣಗಳನ್ನೇ ನಾವು ಒಂದು ಮಾಡಿದ್ದೆವು. ಅಂದಿನ ರಾತ್ರಿ ನಮಗೆ ಊಟ ಸೇರಲಿಲ್ಲ.

ವಾಚಕರಲ್ಲಿ ನಮ್ಮ ವಿನಂತಿಯಿಷ್ಟೆ: ಹಿರಿಯರ ಚೀಟಿಗಳು ದೊರೆತರೆ ಮೊದಲು ನೀರನ್ನು ದೂರವಿಡಿರಿ. ಒಣಗಿದ ಕೈಯಿಂದ, ಸಾಧ್ಯವಾದರೆ ಚಿಮಟದಿಂದ ಎತ್ತಿ, ಓರೆ ಬೆಳಕಿನಲ್ಲಿ ಬೆನ್ನನ್ನು ನೋಡಿರಿ. ಅವರು ಬೇರೆಯಾಗಿ ಇಟ್ಟುದನ್ನು ಕಾರಣ ತಿಳಿಯುವ ತನಕ ಬೆರೆಸಬೇಡಿರಿ.

ಚಿಕ್ಕಪ್ಪನವರ ಕೊನೆಯ ಲಕೋಟೆಯ ಮೇಲೆ ಮೂರು ಚೀಟಿಗಳಿವೆ. ಹಿಂಬದಿಗೆ ಬಾಗಲಕೋಟೆಯ ಅಂಚೆಯ ಮುದ್ರೆ. ಅವುಗಳ ಕಾಗದ ಎಂಥದೆಂದು ಬಿಡಿಸಿ ನೋಡುವ ಕುತೂಹಲ ನಮಗಿದ್ದೇ ಇದೆ. ಆದರೂ ಆ ಲಕೋಟೆಯನ್ನು ಹಾಗೆಯೇ ಇಟ್ಟಿರುವೆವು. ಅದು ಬಂದು ಮುಟ್ಟಿದ ಓಣಿಯು ಈಗ ನೀರಿನಡಿಯಲ್ಲಿದೆ.