ಗೆದ್ದವರ ಅಗಲಿಕೆ

ಷಿಕಾಗೋದಲ್ಲಿ ನೆಲೆಸಿರುವ ನನ್ನ ತಮ್ಮನಿಗೆ ಐಸ್ ಹಾಕಿಯ ಹುಚ್ಚು. ಅವನ ಮೆಚ್ಚಿನ ಬ್ಲ್ಯಾಕ್‌ಹಾಕ್ಸ್ ತಂಡ 49 ವರ್ಷಗಳ ಮೇಲೆ, 2010ರ ಜೂನಿನಲ್ಲಿ, ಸ್ಟ್ಯಾನ್ಲಿ ಕಪ್ ಗೆದ್ದಿತು. ಬೇಸಿಗೆ ಕಳೆಯುವಷ್ಟರಲ್ಲಿ ಬಫ್ಲಿನ್, ಲ್ಯಾಡ್ ಅಟ್ಲಾಂಟಾ ಸೇರಿದರು. ವರ್ಸ್ಟೀಗ್ ಟೊರಾಂಟೋ ಸೇರಿದ. ಗೋಲು ಕಾಯ್ದ ನಿಯೆಮಿಯನ್ನೂ ಬಿಟ್ಟುಕೊಟ್ಟರು. ಸೋತದ್ದಕ್ಕಲ್ಲ, ಚೆನ್ನಾಗಿ ಆಡಿದ್ದಕ್ಕೆ! ತಂಡದ ಸಂಬಳವೆಲ್ಲ ಸೇರಿ 5 ಕೋಟಿ 94 ಲಕ್ಷ ಡಾಲರು ಮೀರಬಾರದೆಂಬುದು ಆ ವರ್ಷದ ಕಟ್ಟಳೆ. ಆಟ ಮಾಗಿದಂತೆ ಆಟಗಾರರ ಬೆಲೆ ಏರಿತ್ತು. ಚೀಲ ಮಾತ್ರ ಹಿಗ್ಗಲಿಲ್ಲ.

ನಮ್ಮ ತಂದೆಯೂ ಸಣ್ಣ ಸಂಬಳದಲ್ಲಿ ನಮ್ಮಿಬ್ಬರನ್ನೂ ಓದಿಸಿ ಗೆದ್ದವರೇ. ತಮ್ಮ ಕಲಿತ ವಿದ್ಯೆಗೆ ತಕ್ಕ ಕೆಲಸ ನಮ್ಮೂರಿನಲ್ಲಿರಲಿಲ್ಲ, ಹೊರಟುಹೋದ.

ಮೊನ್ನೆ ಫೋನಿನಲ್ಲಿ, “ಆ ವರ್ಸ್ಟೀಗ್ 2013ರಲ್ಲಿ ಮರಳಿ ಬಂದ, ಅಣ್ಣಾ. 2015ರಲ್ಲಿ ಮತ್ತೆ ಕಪ್ಪು ಎತ್ತಿದ” ಎಂದ.

“ನೀನು ಯಾವಾಗ ಬರುತ್ತೀಯಪ್ಪಾ?” ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.